ಖೋಟಾ ನೋಟಿನ ನಷ್ಟ ಕೊನೆಯ ಕೈಗೇ ಏಕೆ?

2024–25ರ ಹಣಕಾಸು ವರ್ಷದಲ್ಲಿ ದೇಶದ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಖೋಟಾ ನೋಟುಗಳು ಸುಮಾರು 2.17 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 1.18 ಲಕ್ಷ, ಐನೂರರ ನೋಟುಗಳು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಖೋಟಾ ಐನೂರರ ಸಂಖ್ಯೆ ಶೇ 37ರಷ್ಟು ಏರಿದೆ. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ಈ ಲೆಕ್ಕದಲ್ಲಿ ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ವಶಪಡಿಸಿಕೊಂಡ ನೋಟುಗಳು ಸೇರಿಲ್ಲ. ಬ್ಯಾಂಕಿನ ಒಳಗೆ ಪತ್ತೆಯಾದವು ಮಾತ್ರ. ಇವುಗಳಲ್ಲಿ ಬಹುಪಾಲು ನೋಟನ್ನು ಕೌಂಟರಿಗೆ ತಂದವರು ಅದನ್ನು ಅಚ್ಚು ಹಾಕಿದವರಲ್ಲ, ಗಡಿ ದಾಟಿಸಿದವರೂ ಅಲ್ಲ. ತರಕಾರಿ ಮಾರಿದವರು, ಕೂಲಿ ಪಡೆದವರು, ಅಂಗಡಿಯ ಗಲ್ಲಾದಲ್ಲಿ ದಿನವಿಡೀ ಕೂತವರು. ಕ್ಯಾಷಿಯರ್ ನೋಟಿನ ಮೇಲೆ ಮುದ್ರೆ ಒತ್ತಿದ ಕ್ಷಣಕ್ಕೆ ಅವರ ಐನೂರು ರೂಪಾಯಿ ಹೋಯಿತು. ಅದಕ್ಕೆ ಬದಲಿ ನೋಟಿಲ್ಲ, ಪರಿಹಾರವಿಲ್ಲ.

ನೋಟನ್ನು ಖೋಟಾದವರಿಂದ ಕಾಪಾಡಲು ಸರ್ಕಾರ ಮಾಡುತ್ತಿರುವ ಕೆಲಸ ಸಣ್ಣದೇನಲ್ಲ. ಕಾಗದ, ಶಾಯಿ, ಅಚ್ಚು, ಕಾನೂನು ಎಲ್ಲದರಲ್ಲೂ ಭಾರತ ಬಹಳ ಮುಂದೆ ಬಂದಿದೆ, ಅದರ ದೊಡ್ಡ ಪಾಲು ನಮ್ಮ ಮೈಸೂರಿನಲ್ಲೇ ನಡೆದಿದೆ. ಆದರೆ ಆ ರಕ್ಷಣೆ ಮುದ್ರಣಾಲಯದ ಗೇಟಿನವರೆಗೆ ಎಷ್ಟು ಗಟ್ಟಿಯೋ ಸಂತೆಯ ಮೈದಾನದಲ್ಲಿ ಅಷ್ಟೇ ತೆಳು. ನೋಟು ಅಸಲಿಯೋ ಅಲ್ಲವೋ ಎಂದು ನಿಜವಾಗಿ ನಿರ್ಧಾರವಾಗುವುದು ಕೈಯಿಂದ ಕೈಗೆ ದಾಟುವ ಎರಡು ಸೆಕೆಂಡಿನಲ್ಲಿ. ಆ ಎರಡು ಸೆಕೆಂಡಿಗೆ ಜನರನ್ನು ಸಜ್ಜುಗೊಳಿಸದೆ, ನಷ್ಟವನ್ನು ಮಾತ್ರ ಅವರ ತಲೆಗೆ ಕಟ್ಟುವುದು ಅನ್ಯಾಯ.

ಕಾಗದದ ಹಣ ಎಷ್ಟು ಹಳೆಯದೋ ಖೋಟಾ ಕೂಡ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಚೀನಾದ ಮಿಂಗ್ ಅರಸರು 1375ರಲ್ಲಿ ಹೊರಡಿಸಿದ ನೋಟು ಹಿಪ್ಪುನೇರಳೆ ಜಾತಿಯ ಮರದ ತೊಗಟೆಯಿಂದ ಮಾಡಿದ್ದು, ಒಂದು ಅಡಿಗೂ ಹೆಚ್ಚು ಉದ್ದ. ಅದರ ಮೇಲೇ ಎಚ್ಚರಿಕೆಯೂ ಅಚ್ಚಾಗಿತ್ತು: ಖೋಟಾ ಮಾಡಿದವನ ತಲೆ ಹೋಗುತ್ತದೆ, ಹಿಡಿದುಕೊಟ್ಟವನಿಗೆ 250 ಲಿಯಾಂಗ್ ಬೆಳ್ಳಿಯ ಜೊತೆಗೆ ಅಪರಾಧಿಯ ಆಸ್ತಿಯೂ ಸಿಗುತ್ತದೆ. ಅಮೆರಿಕದ ವಸಾಹತುಗಳ ನೋಟುಗಳೂ ಖೋಟಾಕ್ಕೆ ಮರಣವೇ ಶಿಕ್ಷೆ ಎಂದು ಸಾರುತ್ತಿದ್ದವು. ಅವನ್ನು ಅಚ್ಚು ಹಾಕುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಮಾತ್ರ ಬೆದರಿಕೆಯೊಂದನ್ನೇ ನಂಬಿ ಕೂರಲಿಲ್ಲ. ನಿಜವಾದ ಎಲೆಯಿಂದ ಅಚ್ಚು ತೆಗೆದು ಅದರ ನರನಾಡಿಗಳನ್ನು ನೋಟಿನ ಮೇಲೆ ಮೂಡಿಸಿದರು. ಒಂದು ಎಲೆಯ ನರಗಳ ಹಾಗೆ ಇನ್ನೊಂದರವು ಇರುವುದಿಲ್ಲ. ಕೈಯಿಂದ ಕೆತ್ತುವವನಿಗೆ ಅದನ್ನು ನಕಲು ಮಾಡುವುದು ಬಹಳ ಕಷ್ಟವಾಗಿತ್ತು.

ಬೆದರಿಕೆ ಸೋತದ್ದಕ್ಕೆ ಇಂಗ್ಲೆಂಡಿನಷ್ಟು ಕರುಣಾಜನಕ ಉದಾಹರಣೆ ಇನ್ನೊಂದಿಲ್ಲ. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ, ಒಂದು ಮತ್ತು ಎರಡು ಪೌಂಡಿನ ಸಣ್ಣ ನೋಟುಗಳನ್ನು ಅವಸರದಲ್ಲಿ ಹೊರತಂದಿತು. ಅಲ್ಲಿಯವರೆಗೆ ನೋಟನ್ನೇ ಮುಟ್ಟದಿದ್ದ ಬಡವರ ಕೈಗೆ, ಓದಲು ಬಾರದವರ ಕೈಗೆ ಅವು ಬಂದವು. ಅಚ್ಚು ಸರಳ, ನಕಲು ಸುಲಭ. 1821ರವರೆಗಿನ ಸುಮಾರು ಕಾಲು ಶತಮಾನದಲ್ಲಿ ಖೋಟಾ ನೋಟಿನ ಅಪರಾಧಕ್ಕೆ ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಎಷ್ಟೋ ಮಂದಿ ನೋಟು ದಾಟಿಸಿದ ಬಡ ಗಂಡಸರು, ಹೆಂಗಸರು. ಅಚ್ಚಿನ ಮನೆಯ ಒಡೆಯರಲ್ಲ. ಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ 1819ರಲ್ಲಿ ನೋಟಿನ ಆಕಾರದಲ್ಲೇ ಒಂದು ಚಿತ್ರ ಬರೆದು, ಅದರಲ್ಲಿ ನೇಣಿಗೆ ತೂಗುವ ದೇಹಗಳ ಸಾಲನ್ನು ಇಟ್ಟರು. ಜನ ಅದನ್ನು ನೋಡಲು ಮುಗಿಬಿದ್ದರು. ಅಷ್ಟು ಜನರನ್ನು ಕೊಂದರೂ ಖೋಟಾ ನಿಲ್ಲಲಿಲ್ಲ. ಚಿನ್ನದ ವ್ಯವಹಾರ ಮರಳಿ, ಸಣ್ಣ ನೋಟುಗಳು ಚಲಾವಣೆಯಿಂದ ಹೋದ ಮೇಲಷ್ಟೇ ಅದು ಇಳಿಯಿತು.

ಖೋಟಾ ನೋಟಿಗೆ ಹೆಚ್ಚು ಬಲಿಯಾಗುವುದು, ಅದನ್ನು ಗುರುತಿಸಲು ಎಲ್ಲರಿಗಿಂತ ಕಡಿಮೆ ಸಾಧನವಿರುವವರು. ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಕಂಡ ಈ ಸತ್ಯ ಇಂದೂ ಬದಲಾಗಿಲ್ಲ.

ಭಾರತದ ಕಥೆಯೂ ಇದಕ್ಕೆ ದೂರವಿಲ್ಲ. 1861ರ ಕಾಗದ ಹಣದ ಕಾಯ್ದೆಯ ನಂತರ ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ನೋಟುಗಳು ಬಂದವು. ಒಂದೇ ಮಗ್ಗುಲಿಗೆ ಅಚ್ಚು, ಕೈಯಿಂದ ಎತ್ತಿದ ಕಾಗದ, ನೀರುಗುರುತು, ಅಚ್ಚಾದ ಸಹಿ, ನೋಂದಣಿ ಸಂಖ್ಯೆ. ಆ ಕಾಲದ ಕಾವಲು ಇಷ್ಟೇ. ಖೋಟಾ ಮೇಲಿಂದ ಮೇಲೆ ಕಾಣಿಸಿಕೊಂಡಾಗ 1867ರಲ್ಲಿ ಆ ಸರಣಿಯನ್ನು ಹಿಂತೆಗೆದು, ಹಿನ್ನೆಲೆಯಲ್ಲಿ ಬಣ್ಣದ ಅಚ್ಚಿರುವ ಹೊಸ ನೋಟು ತರಬೇಕಾಯಿತು. ಅಂಚೆಯಲ್ಲಿ ಹಣ ಕಳಿಸುವವರು ನೋಟನ್ನು ಎರಡಾಗಿ ಕತ್ತರಿಸಿ ಅರ್ಧ ಮೊದಲು ಕಳಿಸುತ್ತಿದ್ದರು. ಅದು ಮುಟ್ಟಿದೆ ಎಂಬ ಉತ್ತರ ಬಂದ ಮೇಲೆ ಉಳಿದರ್ಧ. ನೋಟಿನ ಭದ್ರತೆಗೆ ಜನರೂ ತಮ್ಮದೇ ದಾರಿ ಕಂಡುಕೊಂಡಿದ್ದ ಕಾಲ ಅದು. ನೋಟು ಅಚ್ಚಾಗಿ ಬರುತ್ತಿದ್ದುದು ಇಂಗ್ಲೆಂಡಿನಿಂದ. ನಾಸಿಕ್‌ನಲ್ಲಿ ಮುದ್ರಣ ಶುರುವಾದದ್ದು 1928ರಲ್ಲಿ.

ಎರಡನೇ ಮಹಾಯುದ್ಧ ಈ ಆಟದ ಸ್ವರೂಪವನ್ನೇ ಬದಲಿಸಿತು. ಖೋಟಾ ಮಾಡುವುದು ಕಳ್ಳರ ಕೆಲಸ ಎಂದುಕೊಂಡಿದ್ದ ಸರ್ಕಾರಗಳಿಗೆ, ಇನ್ನೊಂದು ಸರ್ಕಾರವೇ ಅಚ್ಚಿನ ಯಂತ್ರದ ಮುಂದೆ ನಿಂತದ್ದು ಕಂಡಿತು. ಬರ್ಲಿನ್ ಬಳಿಯ ಸ್ಯಾಕ್ಸೆನ್‌ಹೌಸೆನ್ ಶಿಬಿರದಲ್ಲಿ ನಾಜಿಗಳು ಸುಮಾರು 140 ಯಹೂದಿ ಕೈದಿಗಳಿಂದ ಬ್ರಿಟಿಷ್ ಪೌಂಡ್ ನೋಟುಗಳನ್ನು ತಯಾರಿಸಿದರು. ನೋಟು ಎಷ್ಟು ಚೆನ್ನಾಗಿತ್ತೆಂದರೆ ಬ್ಯಾಂಕ್ ಆಫ್ ಇಂಗ್ಲೆಂಡ್ 1943ರಲ್ಲಿ ಹತ್ತು ಪೌಂಡು ಮತ್ತು ಅದಕ್ಕೂ ದೊಡ್ಡ ನೋಟುಗಳನ್ನು ಹೊರಡಿಸುವುದನ್ನೇ ನಿಲ್ಲಿಸಿತು. ಯುದ್ಧ ಸೋತಾಗ ಪೆಟ್ಟಿಗೆಗಳನ್ನು ಆಸ್ಟ್ರಿಯಾದ ಟಾಪ್ಲಿಟ್ಸ್ ಸರೋವರದಲ್ಲಿ ಮುಳುಗಿಸಿದರು. 1959ರಲ್ಲಿ ಮುಳುಗುಗಾರರು ಅವನ್ನು ಎತ್ತಿ ತಂದರು. ಇತ್ತ ಜಪಾನ್ ಭಾರತದ ನೋಟುಗಳನ್ನೂ ಉತ್ತಮ ಗುಣಮಟ್ಟದಲ್ಲಿ ನಕಲು ಮಾಡಿತು. ಅದಕ್ಕೆ ಪ್ರತಿಯಾಗಿ, ಪಕ್ಕಕ್ಕೆ ತಿರುಗಿದ್ದ ಆರನೇ ಜಾರ್ಜ್ ದೊರೆಯ ನೀರುಗುರುತನ್ನು ಎದುರುಮುಖಕ್ಕೆ ಬದಲಿಸಲಾಯಿತು. ನೋಟಿನ ಒಳಗೆ ಭದ್ರತಾ ಎಳೆ ಹಾಯಿಸಿದ್ದೂ ಭಾರತದಲ್ಲಿ ಆಗಲೇ ಮೊದಲು. ಇವತ್ತು ನಾವು ಬೆಳಕಿಗೆ ಹಿಡಿದು ನೋಡುವ ಆ ಎಳೆ ಯುದ್ಧಕಾಲದ ಕೂಸು.

ಈಗ ಒಂದು ಐನೂರರ ನೋಟನ್ನು ಕೈಗೆ ತೆಗೆದುಕೊಂಡು ನೋಡಬೇಕು. ಮೊದಲು ಅದರ ಕಾಗದ. ಅದು ಪುಸ್ತಕದ ಕಾಗದದಂತೆ ಮರದ ತಿರುಳಿನದಲ್ಲ, ಪೂರ್ತಿ ಹತ್ತಿಯದು. ಬೆರಳಲ್ಲಿ ಹಿಡಿದು ಒದರಿದರೆ ಗರಿಗರಿ ಸದ್ದು ಬರುತ್ತದೆ. ಜೇಬಿನಲ್ಲಿ ಬೆವರಿಗೆ ಒದ್ದೆಯಾದರೂ ಬೇಗ ಹರಿಯುವುದಿಲ್ಲ. ಅಂಗಡಿಗಳಲ್ಲಿ ನೇರಳೆ ದೀಪದ ಕೆಳಗೆ ಇಟ್ಟರೆ ಸಾಮಾನ್ಯ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಏಕೆಂದರೆ ಬೆಳ್ಳಗೆ ಕಾಣಲೆಂದು ಅದಕ್ಕೆ ರಾಸಾಯನಿಕ ಸೇರಿಸಿರುತ್ತಾರೆ. ಅಸಲಿ ನೋಟಿನ ಕಾಗದ ಮಂಕಾಗಿಯೇ ಇದ್ದು, ಸಂಖ್ಯೆಗಳೂ ಕಾಗದದಲ್ಲಿ ಹುದುಗಿಸಿದ ಸಣ್ಣ ನಾರುಗಳೂ ಬೆಳಗುತ್ತವೆ.

ಬಲಗಡೆಯ ಖಾಲಿ ಜಾಗವನ್ನು ಬೆಳಕಿಗೆ ಹಿಡಿದರೆ ಗಾಂಧೀಜಿಯ ಮುಖ ಮತ್ತು 500 ಎಂಬ ಅಂಕಿ ಮೂಡುತ್ತವೆ. ಇದು ಶಾಯಿಯಿಂದ ಬರೆದದ್ದಲ್ಲ. ಕಾಗದ ಇನ್ನೂ ಒದ್ದೆ ತಿರುಳಾಗಿರುವಾಗಲೇ ಅಚ್ಚಿನ ಮೇಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಕೂತು ಆದ ಚಿತ್ರ. ಅದಕ್ಕೇ ನೆರಳು ಬೆಳಕು ಅಷ್ಟು ಮೆತ್ತಗೆ ಬೆರೆಯುತ್ತವೆ. ಖೋಟಾದವರು ಇದನ್ನು ಕಾಗದದ ಮೇಲೆ ಮಂಕು ಬಣ್ಣದಲ್ಲಿ ಅಚ್ಚು ಹಾಕುತ್ತಾರೆ. ಆದ್ದರಿಂದ ನೋಟನ್ನು ಮೇಜಿನ ಮೇಲೆ ಇಟ್ಟಾಗಲೂ ಅದು ಕಾಣುತ್ತದೆ. ಹಾಗೆ ಕಂಡರೆ ಅನುಮಾನಿಸಲೇಬೇಕು. ನಡುವಿನ ಹಸಿರು ಎಳೆಯನ್ನು ನೋಡುತ್ತ ನೋಟನ್ನು ಓರೆ ಮಾಡಿದರೆ ಅದು ನೀಲಿಗೆ ತಿರುಗುತ್ತದೆ. ಕೆಳಗೆ ಬಲತುದಿಯಲ್ಲಿ ರೂಪಾಯಿ ಚಿಹ್ನೆಯೊಂದಿಗೆ ಇರುವ 500 ಕೂಡ ಹಾಗೆಯೇ. ಬಣ್ಣದ ಪ್ರಿಂಟರಿನಿಂದಾಗಲೀ ಜೆರಾಕ್ಸ್ ಯಂತ್ರದಿಂದಾಗಲೀ ಈ ಬಣ್ಣ ಬದಲಾವಣೆ ಸಾಧ್ಯವಿಲ್ಲ. ಯಂತ್ರ ನಕಲು ಮಾಡುವುದು ಒಂದು ಕೋನದಿಂದ ಕಂಡ ಒಂದೇ ಬಣ್ಣವನ್ನು.

ಆಮೇಲೆ ಬೆರಳು. ಗಾಂಧೀಜಿಯ ಚಿತ್ರ, ಅಶೋಕ ಸ್ತಂಭ, ಎರಡೂ ಅಂಚಿನ ಐದೈದು ಓರೆಗೆರೆಗಳನ್ನು ಸವರಿದರೆ ಅವು ಉಬ್ಬಿರುವುದು ತಿಳಿಯುತ್ತದೆ. ಲೋಹದ ಫಲಕದಲ್ಲಿ ಗೆರೆಗಳನ್ನು ಆಳವಾಗಿ ಕೊರೆದು, ಅದರಲ್ಲಿ ಶಾಯಿ ತುಂಬಿ, ಭಾರಿ ಒತ್ತಡದಲ್ಲಿ ಕಾಗದವನ್ನು ಒತ್ತಿದಾಗ ಬರುವ ಉಬ್ಬು ಇದು. ಕಣ್ಣು ಕಾಣದವರಿಗಾಗಿ ಇಟ್ಟ ಈ ಗುರುತು ಕಣ್ಣಿರುವವರಿಗೂ ಅಷ್ಟೇ ಉಪಯುಕ್ತ. ನೋಟು ಹೊಸದಿದ್ದಾಗ ಇದರಷ್ಟು ನಂಬಿಕೆಯ ಪರೀಕ್ಷೆ ಬೇರೊಂದಿಲ್ಲ. ಹಳತಾಗಿ ಸವೆದ ನೋಟಿನಲ್ಲಿ ಮಾತ್ರ ಉಬ್ಬು ಕುಗ್ಗಿರುತ್ತದೆ.

ಇದೆಲ್ಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಉತ್ತರವಿದೆ. ಮೈಸೂರಿನ ಮೇಟಗಳ್ಳಿಯಲ್ಲಿರುವ ನೋಟು ಮುದ್ರಣಾಲಯ ರಿಸರ್ವ್ ಬ್ಯಾಂಕಿನ ಒಡೆತನದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಸಂಸ್ಥೆಯದು. 1995ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಇನ್ನೊಂದು ಮುದ್ರಣಾಲಯ ಪಶ್ಚಿಮ ಬಂಗಾಳದ ಸಾಲ್ಬೊನಿಯಲ್ಲಿ. ಎರಡೂ ಸೇರಿ ಎರಡು ಪಾಳಿಯಲ್ಲಿ ವರ್ಷಕ್ಕೆ 1,600 ಕೋಟಿ ನೋಟು ಅಚ್ಚು ಹಾಕುವ ಸಾಮರ್ಥ್ಯ ಹೊಂದಿವೆ. ನೋಟಿನ ಕಾಗದಕ್ಕೆಂದೇ 2010ರಲ್ಲಿ ಹುಟ್ಟಿದ ಕಂಪನಿಯ ಕಾರ್ಖಾನೆಯೂ ಮೈಸೂರಿನಲ್ಲೇ ಇದೆ, ವರ್ಷಕ್ಕೆ 12,000 ಟನ್ ಸಾಮರ್ಥ್ಯದ್ದು. ಶಾಯಿಗಾಗಿ ಕಟ್ಟಿದ ‘ವರ್ಣಿಕಾ’ ಘಟಕವನ್ನು 2022ರ ಮಾರ್ಚ್ 28ರಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ರಾಷ್ಟ್ರಕ್ಕೆ ಸಮರ್ಪಿಸಿದರು. ಅದರ ಸಾಮರ್ಥ್ಯ ವರ್ಷಕ್ಕೆ 1,500 ಟನ್. ಬಣ್ಣ ಬದಲಿಸುವ ಶಾಯಿಯೂ ಅಲ್ಲಿ ತಯಾರಾಗುತ್ತದೆ.

ಈ ಸ್ವಾವಲಂಬನೆಯ ಬೆಲೆ ಗೊತ್ತಾಗಬೇಕಾದರೆ 1997–98ನ್ನು ನೆನೆಯಬೇಕು. ನೋಟಿನ ಕೊರತೆ ನೀಗಿಸಲು ಆಗ ಒಂದು ಲಕ್ಷ ಕೋಟಿ ರೂಪಾಯಿ ಮೌಲ್ಯದ ಭಾರತೀಯ ನೋಟುಗಳನ್ನು ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ ಕಂಪನಿಗಳಿಂದ ಅಚ್ಚು ಹಾಕಿಸಲಾಯಿತು. 2010ರಲ್ಲಿ ಸಂಸತ್ತಿನ ಸಮಿತಿಯೊಂದು ಇದನ್ನು ಕಟುವಾಗಿ ಟೀಕಿಸಿತು. ಆ ಟೀಕೆ ನ್ಯಾಯವಾದದ್ದೇ. ದೇಶದ ನೋಟಿನ ಅಚ್ಚು ಬೇರೆಯವರ ಮನೆಯಲ್ಲಿದ್ದರೆ ಏನಾಗಬಹುದು ಎಂಬುದಕ್ಕೆ ಪೋರ್ಚುಗಲ್ ಪಾಠ ಕಣ್ಣ ಮುಂದೆ ಇತ್ತು.

1925ರ ಸುಮಾರಿಗೆ ಆಲ್ವೆಸ್ ಡೋಸ್ ರೀಸ್ ಎಂಬಾತ ಬ್ಯಾಂಕ್ ಆಫ್ ಪೋರ್ಚುಗಲ್ ಹೆಸರಿನಲ್ಲಿ ಸುಳ್ಳು ಕರಾರು ಪತ್ರಗಳನ್ನು ಸೃಷ್ಟಿಸಿದ. ಅವನ್ನು ನಂಬಿ, ಆ ಬ್ಯಾಂಕಿನ ಅಸಲಿ ನೋಟುಗಳನ್ನು ಅಚ್ಚು ಹಾಕುತ್ತಿದ್ದ ಲಂಡನ್ನಿನ ವಾಟರ್ಲೋ ಕಂಪನಿಯೇ ವಾಸ್ಕೋ ಡ ಗಾಮನ ಚಿತ್ರವಿದ್ದ 500 ಎಸ್ಕುಡೊ ನೋಟುಗಳನ್ನು ಲಕ್ಷಗಟ್ಟಲೆ ಮುದ್ರಿಸಿಕೊಟ್ಟಿತು. ಅಸಲಿ ಫಲಕ, ಅಸಲಿ ಯಂತ್ರ. ಯಾವ ತಜ್ಞನೂ ವ್ಯತ್ಯಾಸ ಹೇಳಲಾರದಾದ. ಒಂದೇ ಸಂಖ್ಯೆಯ ಎರಡು ನೋಟುಗಳು ಸಿಕ್ಕಿದ ಮೇಲಷ್ಟೇ ಮೋಸ ಬಯಲಾಯಿತು. ಆಗ ಬ್ಯಾಂಕ್ ಏನು ಮಾಡಿತು ಎಂಬುದು ಇಲ್ಲಿ ಮುಖ್ಯ. ಆ ಬಗೆಯ ಎಲ್ಲ ನೋಟುಗಳನ್ನೂ ಹಿಂತೆಗೆದುಕೊಂಡು, ತಂದುಕೊಟ್ಟ ಜನರಿಗೆ ಬದಲಿ ಹಣ ಕೊಟ್ಟಿತು. ನಷ್ಟವನ್ನು ಮುದ್ರಕರಿಂದ ವಸೂಲು ಮಾಡಲು ಲಂಡನ್ನಿನಲ್ಲಿ ದಾವೆ ಹೂಡಿ, 1932ರಲ್ಲಿ ಅತ್ಯುನ್ನತ ಪೀಠದಲ್ಲಿ ಗೆದ್ದಿತು. ತಪ್ಪು ನಡೆದ ಜಾಗದವರೇ ದಂಡ ತೆತ್ತರು, ನೋಟು ಹಿಡಿದಿದ್ದ ಜನರಲ್ಲ.

ನಮ್ಮಲ್ಲಿ ಖೋಟಾ ನೋಟನ್ನು ಮಟ್ಟಹಾಕುವುದು 2016ರ ನವೆಂಬರ್ 8ರ ನೋಟು ರದ್ದತಿಯ ಘೋಷಿತ ಗುರಿಗಳಲ್ಲಿ ಒಂದಾಗಿತ್ತು. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ ಶೇ 99.3ರಷ್ಟು ಬ್ಯಾಂಕಿಗೆ ಮರಳಿತು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಧ್ಯಯನ ಅದಕ್ಕೂ ಮೊದಲೇ, ಚಲಾವಣೆಯಲ್ಲಿದ್ದ ಪ್ರತಿ ಹತ್ತು ಲಕ್ಷ ನೋಟಿನಲ್ಲಿ ಸುಮಾರು 250 ಖೋಟಾ, ಒಟ್ಟು ಮೌಲ್ಯ 400 ಕೋಟಿ ಎಂದು ಅಂದಾಜಿಸಿತ್ತು. ಆ 400 ಕೋಟಿಗಾಗಿ ಅಷ್ಟೂ ನೋಟನ್ನು ಅಲುಗಾಡಿಸುವುದು ಸರಿಯಾದ ಔಷಧವಾಗಿರಲಿಲ್ಲ. ಬ್ಯಾಂಕುಗಳಲ್ಲಿ ಸಿಕ್ಕ ಖೋಟಾ ನೋಟಿನ ಸಂಖ್ಯೆ 2016–17ರ 7.62 ಲಕ್ಷದಿಂದ ಮುಂದಿನ ವರ್ಷಗಳಲ್ಲಿ ಇಳಿದದ್ದು ನಿಜ, ಅದನ್ನು ಒಪ್ಪಬೇಕು. ಆದರೆ ಹೊಸ ಎರಡು ಸಾವಿರದ ನೋಟು ಬಂದ ಮರುವರ್ಷವೇ, 2017–18ರಲ್ಲಿ, ಅದರ ಹದಿನೇಳು ಸಾವಿರಕ್ಕೂ ಹೆಚ್ಚು ಖೋಟಾ ಪ್ರತಿಗಳು ಬ್ಯಾಂಕುಗಳಲ್ಲೇ ಸಿಕ್ಕವು. ಒಮ್ಮೆ ಗುಡಿಸಿ ಹಾಕಿದರೆ ಮುಗಿಯುವ ಸಮಸ್ಯೆ ಇದಲ್ಲ. ನೋಟಿನ ವಿನ್ಯಾಸವನ್ನು ಹೇಳಿಕೇಳಿ, ನಿಯಮಿತ ಅವಧಿಗೆ, ಹಳೆಯದಕ್ಕೆ ಸಾಕಷ್ಟು ಸಮಯ ಕೊಟ್ಟು ಬದಲಿಸುತ್ತ ಹೋಗುವುದೇ ದಾರಿ. ಗಾಂಧಿ ಸರಣಿ ಬಂದದ್ದು 1996ರಲ್ಲಿ, ಅದಕ್ಕೆ ಹೆಚ್ಚಿನ ಭದ್ರತೆ ಸೇರಿದ್ದು 2005ರಲ್ಲಿ, ಈಗಿನ ಸರಣಿ 2016ರದು. ಮುಂದಿನ ಬದಲಾವಣೆಯ ಸಿದ್ಧತೆಗೆ ಇದು ತಡವೇ ಹೊರತು ಅವಸರವಲ್ಲ.

ಕಾಗದವನ್ನೇ ಬಿಟ್ಟ ದೇಶಗಳೂ ಇವೆ. ಆಸ್ಟ್ರೇಲಿಯಾ 1966ರಲ್ಲಿ ಹೊಸ ಡಾಲರ್ ನೋಟು ತಂದ ವರ್ಷವೇ ಹತ್ತು ಡಾಲರಿನ ಖೋಟಾ ಹರಡಿತು. ಅಲ್ಲಿನ ರಿಸರ್ವ್ ಬ್ಯಾಂಕ್ ವಿಜ್ಞಾನಿಗಳನ್ನು ಕರೆದು ಕೂರಿಸಿತು; 1988ರಲ್ಲಿ ಜಗತ್ತಿಗೆ ಮಾದರಿಯಾದ ಪಾಲಿಮರ್ ನೋಟು ಬಂತು. ಭಾರತದಲ್ಲಿ ಹತ್ತು ರೂಪಾಯಿಯ ಪಾಲಿಮರ್ ನೋಟಿನ ಪ್ರಯೋಗಕ್ಕೆ ಆರಿಸಿದ ಐದು ಊರುಗಳಲ್ಲಿ ಮೈಸೂರೂ ಒಂದಾಗಿತ್ತು. ಆ ನೋಟು ಇಂದಿಗೂ ಜನರ ಕೈಗೆ ಬಂದಿಲ್ಲ.

ಇನ್ನು ಕಾನೂನಿಗೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 178ರಿಂದ 182ರವರೆಗಿನ ಸೆಕ್ಷನ್‌ಗಳು ಖೋಟಾ ನೋಟಿನ ಬಗ್ಗೆ ಹೇಳುತ್ತವೆ. ನೋಟು ತಯಾರಿಸಿದರೆ ಜೀವಾವಧಿಯವರೆಗೆ ಶಿಕ್ಷೆ. ಖೋಟಾ ಎಂದು ತಿಳಿದೂ ಅಸಲಿಯೆಂದು ದಾಟಿಸಿದರೆ ಅದೂ ಅಷ್ಟೇ ಗಂಭೀರ ಅಪರಾಧ. ಉತ್ತಮ ಗುಣಮಟ್ಟದ ಖೋಟಾ ನೋಟಿನಿಂದ ದೇಶದ ಆರ್ಥಿಕ ಸ್ಥಿರತೆಗೆ ಧಕ್ಕೆ ತರುವುದನ್ನು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ (ಯುಎಪಿಎ) ಭಯೋತ್ಪಾದಕ ಕೃತ್ಯವೆಂದೇ ಪರಿಗಣಿಸುತ್ತದೆ. ಇಷ್ಟು ಕಠಿಣ ಕಾನೂನಿನ ನಡುವೆ 180ನೇ ಸೆಕ್ಷನ್ನಿಗೆ ಸೇರಿಸಿದ ಒಂದು ವಿವರಣೆ ಸಾಮಾನ್ಯ ಜನರ ಪಾಲಿಗೆ ಬಹಳ ದೊಡ್ಡದು. ತನ್ನಲ್ಲಿರುವ ಖೋಟಾ ನೋಟು ನ್ಯಾಯಬದ್ಧ ಮೂಲದಿಂದ ಬಂದದ್ದು ಎಂದು ವ್ಯಕ್ತಿ ತೋರಿಸಿಕೊಟ್ಟರೆ, ಅದನ್ನು ಹೊಂದಿದ್ದಷ್ಟೇ ಅಪರಾಧವಾಗುವುದಿಲ್ಲ. ಈ ಸಾಲು ಎಷ್ಟು ಅಂಗಡಿಯವರಿಗೆ, ಎಷ್ಟು ಠಾಣೆಗಳಲ್ಲಿ ಗೊತ್ತಿದೆ?

ಗೊತ್ತಿಲ್ಲದಿರುವುದರ ಫಲ ಊಹಿಸಲು ಕಷ್ಟವಿಲ್ಲ. ಖೋಟಾ ನೋಟು ಕೈಗೆ ಬಂದಿದೆ ಎಂದು ತಿಳಿದವರು ಬ್ಯಾಂಕಿಗೆ ಹೋಗಲು ಹೆದರುತ್ತಾರೆ. ಹೋದರೆ ಹಣ ಹೋಗುತ್ತದೆ, ಮೇಲೆ ಪೊಲೀಸರ ಭಯ. ಅದಕ್ಕಿಂತ ಕತ್ತಲಾದ ಮೇಲೆ ಗದ್ದಲದ ಜಾಗದಲ್ಲಿ ದಾಟಿಸಿಬಿಡುವುದು ಸುಲಭವೆನಿಸುತ್ತದೆ. ಹೀಗೆ ಒಬ್ಬ ಪ್ರಾಮಾಣಿಕ ಮನುಷ್ಯ ತಾನು ಕಳೆದುಕೊಂಡದ್ದನ್ನು ಇನ್ನೊಬ್ಬ ಪ್ರಾಮಾಣಿಕನಿಂದ ತೆಗೆಯುತ್ತಾನೆ, ಅದರ ಜೊತೆಗೆ ಕಾನೂನಿನ ಕಣ್ಣಲ್ಲಿ ಅಪರಾಧಿಯೂ ಆಗುತ್ತಾನೆ. ನೋಟು ಕೊನೆಗೆ ನಿಲ್ಲುವುದು ಮಂದ ಬೆಳಕಿನ ತಳ್ಳುಗಾಡಿಯವರ ಬಳಿ.

ವಾಸ್ತವದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಜನ ಅಂದುಕೊಂಡಷ್ಟು ಕ್ರೂರವಾಗಿಲ್ಲ. ಕೌಂಟರಿನಲ್ಲಿ ಖೋಟಾ ಸಿಕ್ಕರೆ ಬ್ಯಾಂಕ್ ಅದಕ್ಕೆ ಮುದ್ರೆ ಹಾಕಿ ವಶಪಡಿಸಿಕೊಳ್ಳಬೇಕು, ಹಿಂದಿರುಗಿಸಬಾರದು, ಹರಿದೂ ಹಾಕಬಾರದು. ತಂದವರಿಗೆ ರಸೀದಿ ಕೊಡಲೇಬೇಕು. ಅವರು ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ಇದನ್ನು ತಿಳಿಸುವ ಫಲಕ ಶಾಖೆಯಲ್ಲಿ ಎದ್ದು ಕಾಣುವಂತಿರಬೇಕು. ಒಂದು ವ್ಯವಹಾರದಲ್ಲಿ ನಾಲ್ಕು ನೋಟಿನವರೆಗೆ ಸಿಕ್ಕರೆ ಬ್ಯಾಂಕ್ ತಿಂಗಳ ಕೊನೆಗೆ ಒಟ್ಟಾರೆ ವರದಿಯನ್ನು ಪೊಲೀಸರಿಗೆ ಕಳಿಸುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಮಾತ್ರ ಎಫ್‌ಐಆರ್. ಎಟಿಎಂನಿಂದ ಖೋಟಾ ನೋಟು ಬಂದರೆ ಅದನ್ನು ಆ ಬ್ಯಾಂಕೇ ಖೋಟಾ ಚಲಾಯಿಸಲು ಮಾಡಿದ ಯತ್ನವೆಂದು ನೋಡಲಾಗುತ್ತದೆ ಎಂದೂ ನಿಯಮ ಹೇಳುತ್ತದೆ.

ಕಾಗದದಲ್ಲಿ ಇದು ಚೆನ್ನಾಗಿದೆ. ಆದರೆ ಎಟಿಎಂನಿಂದಲೇ ಬಂತೆಂದು ಗ್ರಾಹಕ ಸಾಬೀತು ಮಾಡುವುದು ಹೇಗೆ? ನೋಟು ವಿಂಗಡಿಸುವ ಆಧುನಿಕ ಯಂತ್ರಗಳು ನೋಟಿನ ಸಂಖ್ಯೆಯನ್ನೂ ಓದಬಲ್ಲವು. ಎಟಿಎಂಗೆ ತುಂಬುವ ಮುನ್ನ ಐನೂರರ ನೋಟುಗಳ ಸಂಖ್ಯೆ ದಾಖಲಾಗುವಂತೆ ಮಾಡಿ, ಆ ದಾಖಲೆಯಲ್ಲಿ ಸಿಕ್ಕ ನೋಟಿಗೆ ಬ್ಯಾಂಕೇ ಹಣ ಕೊಡಬೇಕು. ಪೋರ್ಚುಗಲ್ ಬ್ಯಾಂಕ್ ನೂರು ವರ್ಷದ ಹಿಂದೆ ಒಪ್ಪಿದ ನ್ಯಾಯ ಇದೇ.

ಹಾಗಾದರೆ ಎಲ್ಲ ಖೋಟಾ ನೋಟಿಗೂ ಸರ್ಕಾರ ಪರಿಹಾರ ಕೊಡಬೇಕೆ? ಬೇಡ. ಹಾಗೆ ಕೊಟ್ಟರೆ ಖೋಟಾ ನೋಟು ಅಸಲಿಯಷ್ಟೇ ಬೆಲೆ ಬಾಳುತ್ತದೆ, ದಂಧೆಯವರಿಗೆ ಬ್ಯಾಂಕೇ ಗಿರಾಕಿಯಾಗುತ್ತದೆ. ಬೇರೆ ದೇಶಗಳೂ ಇದೇ ಕಾರಣಕ್ಕೆ ಪರಿಹಾರ ಕೊಡುವುದಿಲ್ಲ. ಈ ವಾದ ಸರಿಯಾದದ್ದು. ಆದರೆ ನಷ್ಟ ಜನರದೇ ಎಂದು ತೀರ್ಮಾನಿಸಿದ ಮೇಲೆ, ಆ ನಷ್ಟದಿಂದ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಅವರ ಮನೆಬಾಗಿಲಿಗೆ ಮುಟ್ಟಿಸುವುದು ಸರ್ಕಾರದ ಹೊಣೆ. ರಿಸರ್ವ್ ಬ್ಯಾಂಕ್ 2024–25ರಲ್ಲಿ ನೋಟು ಮುದ್ರಣಕ್ಕೆ ಮಾಡಿದ ವೆಚ್ಚ ಸುಮಾರು 6,370 ಕೋಟಿ ರೂಪಾಯಿ. ಅದರ ಒಂದು ಸಣ್ಣ ಪಾಲನ್ನಾದರೂ ಸಂತೆ, ಎಪಿಎಂಸಿ ಪ್ರಾಂಗಣ, ಬಸ್ ಡಿಪೋ, ಸ್ತ್ರೀಶಕ್ತಿ ಸಂಘಗಳಲ್ಲಿ ನೋಟು ಗುರುತಿಸುವುದನ್ನು ಕಲಿಸಲು ತೆಗೆದಿಡಬೇಕು. ‘ಪೈಸಾ ಬೋಲ್ತಾ ಹೈ’ ಎಂಬ ಜಾಲತಾಣ ಇದೆ, ಒಳ್ಳೆಯದು. ಆದರೆ ನಸುಕಿನಲ್ಲಿ ಹೂವಿನ ಮೂಟೆ ಇಳಿಸಿಕೊಳ್ಳುವವರು ಜಾಲತಾಣ ತೆರೆದು ನೋಡುವುದಿಲ್ಲ. ಅವರಿಗೆ ಬೇಕಾದದ್ದು ಅವರ ಮಾತಿನಲ್ಲಿ, ಅವರ ಜಾಗದಲ್ಲಿ, ನೋಟನ್ನು ಕೈಯಲ್ಲಿ ಹಿಡಿದು ತೋರಿಸುವ ಐದು ನಿಮಿಷ. ಕಣ್ಣು ಕಾಣದವರಿಗಾಗಿ 2020ರಲ್ಲಿ ಬಂದ ‘ಮಣಿ’ ಆ್ಯಪ್ ನೋಟು ಎಷ್ಟರದೆಂದು ಹೇಳುತ್ತದೆ. ಅಸಲಿಯೋ ಖೋಟಾವೋ ಹೇಳುವುದಿಲ್ಲ. ಆ ಕೊರತೆಯನ್ನೂ ತುಂಬಬೇಕು.

ಸರಿಯಾದ ಮಾಹಿತಿ ತಲುಪದ ಕಡೆ ವಾಟ್ಸ್ಆ್ಯಪ್ ತಲುಪುತ್ತದೆ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಎಂಬುದರಿಂದ ಶುರುವಾಗಿ, ಹಸಿರು ಎಳೆ ಗಾಂಧೀಜಿಯ ಚಿತ್ರಕ್ಕೆ ಹತ್ತಿರವಿದ್ದರೆ ಐನೂರರ ನೋಟು ಖೋಟಾ ಎಂಬಲ್ಲಿಯವರೆಗೆ ಎಷ್ಟೋ ಸುಳ್ಳುಗಳು ಓಡಾಡಿವೆ. ಎಳೆ ಚೂರು ಅತ್ತಿತ್ತ ಇದ್ದರೂ ನೋಟು ಅಸಲಿಯೇ. ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಖೋಟಾ ಎಂಬ ವದಂತಿಗೆ 2023ರಲ್ಲಿ ರಿಸರ್ವ್ ಬ್ಯಾಂಕೇ ಸ್ಪಷ್ಟನೆ ಕೊಡಬೇಕಾಯಿತು: ಮುದ್ರಣದಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ಬರುವ ಆ ನೋಟು ಪೂರ್ತಿ ಮಾನ್ಯ. ಹತ್ತು ರೂಪಾಯಿ ನಾಣ್ಯ ಬೇಡವೆನ್ನುವ ಅಂಗಡಿಗಳು ನಮ್ಮ ಊರುಗಳಲ್ಲಿ ಈಗಲೂ ಇವೆ, 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ದರೂ. ಅಸಲಿಯನ್ನು ಖೋಟಾ ಎಂದು ತಳ್ಳುವುದೂ ಹಣದ ಮೇಲಿನ ನಂಬಿಕೆಗೆ ಅಷ್ಟೇ ಪೆಟ್ಟು.

ಮೊಬೈಲಿನಲ್ಲಿ ಹಣ ಕಳಿಸುವ ಈ ದಿನಗಳಲ್ಲಿ ನೋಟಿನ ಚಿಂತೆ ಏಕೆ ಎನ್ನುವವರು ಒಂದು ಅಂಕಿ ನೋಡಬೇಕು. 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ 36 ಲಕ್ಷ ಕೋಟಿ ರೂಪಾಯಿಯನ್ನು ದಾಟಿತ್ತು. ಅದರಲ್ಲಿ ಶೇ 86 ಐನೂರರ ನೋಟುಗಳದು. ಇಡೀ ದೇಶದ ನಗದು ಒಂದೇ ನೋಟಿನ ಮೇಲೆ ನಿಂತಿರುವಾಗ ಖೋಟಾದವರ ಕಣ್ಣೂ ಅದರ ಮೇಲೇ ಇರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಐನೂರರ ನೋಟು ಕೈಗೆ ಬಂದಾಗ ಓರೆ ಮಾಡಿ ಎಳೆಯ ಬಣ್ಣ ನೋಡಿ, ಅಂಚಿನ ಗೆರೆಗಳನ್ನು ಬೆರಳಿನಿಂದ ಸವರಿ, ಬೆಳಕಿಗೆ ಒಮ್ಮೆ ಹಿಡಿಯಿರಿ. ನಿಮ್ಮ ಅಂಗಡಿಯಲ್ಲಿ, ಮನೆಯಲ್ಲಿ ಕೆಲಸ ಮಾಡುವವರಿಗೂ ಇದನ್ನು ತೋರಿಸಿಕೊಡಿ. ಅನುಮಾನದ ನೋಟನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ಬ್ಯಾಂಕಿಗೆ ಕೊಡಿ. ಬ್ಯಾಂಕ್ ಅದನ್ನು ಇಟ್ಟುಕೊಂಡರೆ ರಸೀದಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಅದನ್ನು ಕೊಡುವುದು ಬ್ಯಾಂಕಿನ ಕರ್ತವ್ಯ, ಪಡೆಯುವುದು ನಿಮ್ಮ ಹಕ್ಕು.